ಮನೆಗಳ್ಳತನದ ಮುನ್ಸೂಚನೆ ನಕ್ಷೆ: ಕಲಬುರಗಿ ಬೀಟ್‌ಗೆ ಹೊಂದುವಂತೆ ಮಾಡುವುದು ಹೇಗೆ?

ಹಳೆಯ ಪ್ರಕರಣ ನೋಡಿ ಮುಂದೆ ಎಲ್ಲಿ ಕಳವಾಗಬಹುದು ಎಂದು ತೋರಿಸುವ ಈ ನಕ್ಷೆಗೆ ಮನೆಗಳ್ಳತನ, ಬೈಕ್ ಕಳವು ಮಾತ್ರ ಸಾಕು. ಇವುಗಳಲ್ಲಿ ಕಳಕೊಂಡವರೇ ಠಾಣೆಗೆ ಬರುತ್ತಾರೆ. ಮಟ್ಕಾ, ಅಕ್ರಮ ಮದ್ಯದ ಕೇಸು ಸೇರಿಸಲೇಬೇಡಿ. ಅವು ಪೊಲೀಸರು ಹೋದಲ್ಲೇ ಸಿಗುತ್ತವೆ. ಕೇಸು ಹೆಚ್ಚಿದ ಓಣಿಗೇ ತಂತ್ರಾಂಶ ಮತ್ತೆ ಬೀಟ್ ಕಳಿಸುತ್ತದೆ, ಕೇಸು ಮತ್ತೂ ಹೆಚ್ಚುತ್ತದೆ, ಓಣಿಯ ಹೆಸರು ಕೆಡುತ್ತದೆ. ಅಮೆರಿಕದ ಸಾಂತಾ ಕ್ರೂಜ್ ನಗರ 2020ರಲ್ಲಿ ಇಂಥ ತಂತ್ರಾಂಶಗಳನ್ನೇ ನಿಷೇಧಿಸಿತು.

ಎರಡು-ಮೂರು ವರ್ಷದ ಎಫ್‌ಐಆರ್ ಪಟ್ಟಿ ತೆಗೆದು ವಿಳಾಸ ತಿದ್ದಿ. ‘ಶಹಾಬಜಾರ’, ‘ಶಾಬಜಾರ್’ ಒಂದೇ ಆಗಬೇಕು. ಜಾಗ ಗೊತ್ತಾಗದ ಪ್ರಕರಣಕ್ಕೆ ಠಾಣೆಯದೇ ಅಕ್ಷಾಂಶ-ರೇಖಾಂಶ ತುಂಬಿದ್ದರೆ ಅಳಿಸಿ. ಇಲ್ಲದಿದ್ದರೆ ನಕ್ಷೆಯಲ್ಲಿ ಠಾಣೆಯೇ ಕಳ್ಳರ ಸಂತೆಯಂತೆ ಕಾಣುತ್ತದೆ.

ಸಮಯದ್ದೇ ದೊಡ್ಡ ತೊಡಕು. ಶುಕ್ರವಾರ ರಾತ್ರಿ 10ಕ್ಕೆ ಕೀಲಿ ಹಾಕಿ ಊರಿಗೆ ಹೋದವರು ಸೋಮವಾರ ಬೆಳಿಗ್ಗೆ 6ಕ್ಕೆ ಬಂದು ನೋಡುತ್ತಾರೆ, ಬಾಗಿಲು ಒಡೆದಿದೆ. ದೂರು ಕೊಟ್ಟ ಹೊತ್ತನ್ನೇ ಬರೆದರೆ ಕಳ್ಳರೆಲ್ಲ ಸೋಮವಾರವೇ ಬರುತ್ತಾರೆ ಅನ್ನಿಸುತ್ತದೆ. ನಡುವಿನ 56 ಗಂಟೆಗಳಲ್ಲಿ ಒಂದೊಂದಕ್ಕೂ 1/56 ಪಾಲು ಹಂಚಿ, ಎಲ್ಲ ಪ್ರಕರಣಗಳ ಪಾಲು ಗಂಟೆವಾರು ಕೂಡಿಸಿ. ಏಪ್ರಿಲ್-ಮೇ ಲೆಕ್ಕ ಬೇರೆಯೇ ಇರಲಿ: ಸರ್ಕಾರಿ ಕಚೇರಿ ಬೆಳಿಗ್ಗೆ 8ಕ್ಕೇ ಶುರು, ರಾತ್ರಿ ಜನ ಮಲಗುವುದು ಮಾಳಿಗೆ ಮೇಲೆ, ಕೆಳಗೆ ಮನೆ ಖಾಲಿ.

ನಕ್ಷೆ ಬಿಡಿಸಲು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಮೊದಲೇ ನಿರ್ದೇಶಾಂಕ ಪದ್ಧತಿಯನ್ನು ಮೀಟರಿನಲ್ಲಿ ಅಳೆಯುವ ಇಪಿಎಸ್‌ಜಿ 32643ಕ್ಕೆ ಬದಲಿಸಿ (ಬೀದರ್, ಯಾದಗಿರಿಗೂ ಇದೇ). ಮರೆತರೆ 150 ಅಂದದ್ದು ಮೀಟರ್ ಅಲ್ಲ, ಡಿಗ್ರಿ ಆಗುತ್ತದೆ. 150 ಮೀಟರ್ ಚೌಕ ಎಳೆದು, ಪ್ರತಿ ಚೌಕದ ಪ್ರಕರಣ ಎಣಿಸಿ. ಕಳೆದ ಎರಡು ವಾರದಲ್ಲಿ ಕಳವಾದ ಮನೆಯ 200 ಮೀಟರ್ ಸುತ್ತಿಗೆ ಹೆಚ್ಚು ತೂಕ ಕೊಡಿ. ಕಳ್ಳರು ಗೊತ್ತಿರುವ ಓಣಿಗೆ ಬೇಗ ಮರಳುತ್ತಾರೆ.

ಕೊನೆಯ 3 ತಿಂಗಳ ಪ್ರಕರಣ ಬಚ್ಚಿಟ್ಟು ನಕ್ಷೆ ಮಾಡಿ, ಆಮೇಲೆ ಅವು ಆರಿಸಿದ ಚೌಕಗಳಲ್ಲೇ ಬಿದ್ದಿವೆಯೇ ಎಂದು ಪರೀಕ್ಷಿಸಿ. ಆರಿಸಿದ ಚೌಕಗಳು ಊರಿನ 5% ಜಾಗದಲ್ಲಿದ್ದು, 20% ಕಳವು ಅಲ್ಲೇ ಬಿದ್ದಿದ್ದರೆ ನಕ್ಷೆಯ ಅಂಕ 4 (20 ಭಾಗಿಸು 5). ಹೋದ ವರ್ಷದ ಬರೀ ಎಣಿಕೆಯೂ ಅಷ್ಟೇ ಕೊಟ್ಟರೆ ದುಬಾರಿ ತಂತ್ರಾಂಶಕ್ಕೆ ದುಡ್ಡು ಸುರಿಯಬೇಡಿ.

ಗಸ್ತು ಒಂದು ಚೌಕದಲ್ಲಿ 10ರಿಂದ 15 ನಿಮಿಷ, ಜೀಪಿನಿಂದ ಇಳಿದು. ಅದಕ್ಕೂ ಹೆಚ್ಚು ನಿಂತರೆ ಲಾಭ ಬೆಳೆಯಲಿಲ್ಲ ಎಂದು ಅಮೆರಿಕದ ಮಿನಿಯಾಪೊಲಿಸ್ ನಗರದ ಅಧ್ಯಯನ 1995ರಲ್ಲೇ ತೋರಿಸಿತ್ತು. ನಕ್ಷೆ ಮಾತ್ರದಿಂದ ಕಳವು ಇಳಿಯದು: ಅಮೆರಿಕದ್ದೇ ಇನ್ನೊಂದು ನಗರ ಶ್ರೀವ್‌ಪೋರ್ಟ್‌ನ ಪ್ರಯೋಗದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ, ಎಲ್ಲ ಕಡೆ ಒಂದೇ ಸಮ ಪಾಲಿಸದೇ ಇದ್ದದ್ದೂ ಒಂದು ಕಾರಣ.

ಫಲಿತಾಂಶ ನೋಡುವಾಗ ಪಕ್ಕದ ಚೌಕಗಳನ್ನೂ ಎಣಿಸಿ, ಕಳವು ಅತ್ತ ಸರಿದಿರಬಹುದು. ಬೀಟ್ ಕಂಡು ಧೈರ್ಯ ಬಂದು ಹೆಚ್ಚು ಜನ ದೂರು ಕೊಟ್ಟರೆ ಎಫ್‌ಐಆರ್ ಏರುತ್ತದೆ. ಅದನ್ನು 112ರ ಕರೆಗಳ ಜೊತೆ ತಾಳೆ ನೋಡಿ.