ಕಬಡ್ಡಿಗೆ ಕಸುವು: ಚೀಲದ ಭಾರವೂ ಲೆಕ್ಕಕ್ಕಿರಲಿ

ಗವಿಸಿದ್ಧೇಶ್ವರ ಜಾತ್ರೆ ಮುಗಿಯಿತೆಂದರೆ ಕೊಪ್ಪಳ ಸೀಮೆಯಲ್ಲಿ ಹೊನಲು ಬೆಳಕಿನ ಕಬಡ್ಡಿ ಬ್ಯಾನರ್‌ಗಳು ಏಳತೊಡಗುತ್ತವೆ. ಬ್ಯಾನರ್ ಕಂಡ ಮೇಲೆಯೇ ಜಿಮ್‌ಗೆ ಓಡುವ ಹುಡುಗರು ಬಹಳ. ತೋಳು ಊದಿಸಿಕೊಂಡು ಅಂಕಣಕ್ಕಿಳಿದು, ಮೊದಲ ಪಂದ್ಯದಲ್ಲೇ ತೊಡೆ ಹಿಡಿದುಕೊಂಡು ಕೂರುತ್ತಾರೆ. ಹಾಗಾಗದಂತೆ ಕಬಡ್ಡಿಗೆ ಮೈ ಹುರಿಗೊಳಿಸುವ ಆರು ಹೆಜ್ಜೆ ಇಲ್ಲಿವೆ.

1. ದಿನ ಹಿಂದಿನಿಂದ ಎಣಿಸಿ. ಪಂದ್ಯದ ತಾರೀಖಿನಿಂದ ಹಿಂದಕ್ಕೆ 12 ವಾರ, ಕನಿಷ್ಠ 8. ಅಷ್ಟೂ ಇಲ್ಲವೆಂದರೆ ಭಾರದ ಆಸೆ ಬಿಟ್ಟು ಆಟವನ್ನೇ ಆಡಿ.

2. ಬಲ ಅಳೆಯಿರಿ. ಸರಿಯಾದ ಭಂಗಿಯಲ್ಲಿ 5 ಸಲ ಎತ್ತಬಲ್ಲ ಹೆಚ್ಚಿನ ಭಾರ ನೋಡಿ. ಅದು 80 ಕಿಲೋ ಆದರೆ, 5ನ್ನು 30ರಿಂದ ಭಾಗಿಸಿ, 1 ಕೂಡಿಸಿ, 80ರಿಂದ ಗುಣಿಸಿ. ಸುಮಾರು 93 ಬರುತ್ತದೆ. ಒಂದೇ ಸಲ ಎತ್ತಬಹುದಾದ ಭಾರದ ಅಂದಾಜು ಇದು. ನಿಜಕ್ಕೂ 93 ಎತ್ತಿ ತೋರಿಸಲು ಹೋಗಬೇಡಿ.

3. ವ್ಯಾಯಾಮ ಐದು ಸಾಕು. ಸ್ಕ್ವಾಟ್ (ಭಾರದ ಸರಳು, ಅಂದರೆ ಬಾರ್, ಹೆಗಲ ಮೇಲೆ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತುವುದು), ಪುಲ್‌ಅಪ್ (ಸರಳಿಗೆ ಜೋತು ಮೈ ಮೇಲೆತ್ತುವುದು), ಬೆಂಚ್ ಪ್ರೆಸ್ (ಮಲಗಿ ಬಾರ್ ಮೇಲಕ್ಕೆ ತಳ್ಳುವುದು), ನಾರ್ಡಿಕ್ ಕರ್ಲ್. ಕೊನೆಯದಕ್ಕೆ ಮಷಿನ್ ಬೇಡ: ಗೆಳೆಯ ಹಿಮ್ಮಡಿ ಒತ್ತಿ ಹಿಡಿದಿರಲಿ, ನೀವು ಮೊಣಕಾಲೂರಿ, ಸೊಂಟ ಬಗ್ಗಿಸದೆ ನಿಧಾನಕ್ಕೆ ಮುಂದಕ್ಕೆ ವಾಲಿ, ತಡೆಯಲಾಗದಾಗ ಕೈ ಊರಿ. ತೊಡೆಯ ಹಿಂಭಾಗ ಹರಿಯದಂತೆ ಕಾಯಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಮೊದಲ ವಾರ ಇದನ್ನು 5ರಂತೆ ಎರಡೇ ಸೆಟ್ (ಒಂದೇ ಬಾರಿಗೆ 5 ಸಲ ಮಾಡಿದರೆ ಒಂದು ಸೆಟ್). ಹುರುಪಿಗೆ ಹೆಚ್ಚು ಮಾಡಿದರೆ ಮರುದಿನ ಮೆಟ್ಟಿಲು ಇಳಿಯಲಾಗದು.

4. ಭಾರ ಏರಿಸುವುದು. ಎಲ್ಲರೂ ಎಡವುವುದು ಇಲ್ಲೇ.

ವಾರಕ್ಕೆ ಎರಡು ದಿನ ಜಿಮ್. ಅಂದಾಜು ಗರಿಷ್ಠದ ಶೇ 70ರಿಂದ ಶುರು ಮಾಡಿ, 5ರಂತೆ ಮೂರು ಸೆಟ್. ಸೆಟ್‌ಗಳ ನಡುವೆ ಮೂರು ನಿಮಿಷ ಸುಮ್ಮನೆ ಕೂತಿರಿ, ಮೊಬೈಲ್ ನೋಡಿದರೂ ಪರವಾಗಿಲ್ಲ. ಸ್ಕ್ವಾಟ್‌ಗೆ ವಾರಕ್ಕೆ ಎರಡೂವರೆ ಕಿಲೋ ಏರಿಸಿದರೆ ಸಾಕು. ಸೆಟ್ ಮುಗಿದಾಗ ಇನ್ನೆರಡು ಎತ್ತುವ ಕಸುವು ಉಳಿದಿರಬೇಕು. ಏಳುವಾಗ ಮೊಣಕಾಲು ಒಳಕ್ಕೆ ವಾಲಿತೋ, ಹಿಮ್ಮಡಿ ನೆಲ ಬಿಟ್ಟಿತೋ, ಆ ವಾರ ಏರಿಕೆ ಇಲ್ಲ. ಮೂರು ವಾರ ಏರಿಸಿ, ನಾಲ್ಕನೇ ವಾರ ಸೆಟ್ ಅರ್ಧಕ್ಕಿಳಿಸಿ. ಜ್ವರವೋ ಮದುವೆಯೋ ಬಂದು ವಾರ ತಪ್ಪಿದರೆ ಬಿಟ್ಟಲ್ಲಿಂದ ಹಿಡಿಯದೆ ಎರಡು ಏರಿಕೆ ಕೆಳಗಿನ ಭಾರದಿಂದ ಶುರು ಮಾಡಿ.

ಇಷ್ಟೆಲ್ಲ ಪಾಲಿಸಿದರೂ ಕೆಲವರು ಗಾಯಗೊಳ್ಳುವುದೇಕೆ? ಗಂಗಾವತಿಯಲ್ಲಿ ಭತ್ತದ ಸುಗ್ಗಿಗೆ ಹಮಾಲಿ ಮಾಡುವ ಹುಡುಗರನ್ನು ನೋಡಿ. ಬೆಳಿಗ್ಗೆಯೆಲ್ಲ 75 ಕಿಲೋ ಚೀಲ ಹೊತ್ತು, ಹೆಗಲ ಮೇಲಿನ ಹೊಟ್ಟು ಕೊಡವಿಕೊಂಡು ಸಂಜೆ ಜಿಮ್‌ನಲ್ಲಿ ಬಾರ್ ಕೆಳಗೆ ನಿಲ್ಲುತ್ತಾರೆ. ಕೋಚ್ ಚೀಟಿಯಲ್ಲಿ ಆ ಚೀಲಗಳೇ ಇರುವುದಿಲ್ಲ.

ಅದಕ್ಕೆ ಅಮೆರಿಕದ ಕ್ರೀಡಾ ವಿಜ್ಞಾನಿ ಕಾರ್ಲ್ ಫಾಸ್ಟರ್ ರೂಢಿಗೆ ತಂದ ಲೆಕ್ಕ ಸುಲಭ. ಕೆಲಸ ಮುಗಿದ ಅರ್ಧ ಗಂಟೆಗೆ, ಎಷ್ಟು ಕಷ್ಟವಾಯಿತೆಂದು ಹತ್ತಕ್ಕೆ ಅಂಕ ಕೊಟ್ಟು, ಕೆಲಸ ಮಾಡಿದ ನಿಮಿಷಗಳಿಂದ ಗುಣಿಸಿ. ಒಂದು ಗಂಟೆ ಆಟಕ್ಕೆ 7 ಅಂಕ ಕೊಟ್ಟರೆ 420. ಮುಕ್ಕಾಲು ಗಂಟೆ ಜಿಮ್‌ಗೆ 6 ಕೊಟ್ಟರೆ 270. ನಾಲ್ಕು ಗಂಟೆ ಹಮಾಲಿಗೆ ಬರೀ 5 ಕೊಟ್ಟರೂ 1,200! ಇದನ್ನು ರಫ್ ನೋಟ್‌ಬುಕ್ಕಿನಲ್ಲಿ ದಿನಾ ಬರೆಯಿರಿ, ಆ್ಯಪ್ ಬೇಕಿಲ್ಲ. ವಾರದ ಮೊತ್ತ ಒಮ್ಮೆಲೇ ಜಿಗಿದರೆ ಜಿಮ್ ಕಡಿತಗೊಳಿಸಿ. ಕೂಲಿ ಬಿಡಲಾಗದು, ಸ್ಕ್ವಾಟ್ ಬಿಡಬಹುದು.

(ಪೌಡರ್ ಡಬ್ಬಿ ವಿಷಯ: ಜಿಮ್ ಮೂಲೆಯಲ್ಲಿ ಬಿಡಿಯಾಗಿ ಮಾರುವುದನ್ನು ಮುಟ್ಟಬೇಡಿ. ಒಳಗೇನಿದೆ ಎಂದು ಮಾರುವವನಿಗೂ ತಿಳಿದಿರುವುದಿಲ್ಲ. ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕರೆ ಹೊಣೆ ಆಟಗಾರನದೇ. ರೊಟ್ಟಿ, ಬೇಳೆ, ಮೊಟ್ಟೆ, ಶೇಂಗಾ, ಮೊಸರು ಹೊಟ್ಟೆ ತುಂಬ ತಿನ್ನಿ. ಕಾಲಿಗೆ ಮರಳಿನ ಪಟ್ಟಿ ಕಟ್ಟಿ ಓಡುವುದೂ ಬೇಡ, ಓಟದ ಲಯವೇ ಕೆಡುತ್ತದೆ.)

5. ದಮ್ಮು. ರೇಡ್ 30 ಸೆಕೆಂಡಿನದು. ಆದ್ದರಿಂದ ಹತ್ತು ಸುತ್ತು ಮೈದಾನ ಓಡಿ ಲಾಭ ಕಡಿಮೆ. 30 ಸೆಕೆಂಡ್ ತಿರುಗಿ ತಿರುಗಿ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಎಂಟು ಸಲ. ಫೆಬ್ರುವರಿ ದಾಟಿದರೆ ಬಿಸಿಲೇರುವ ಮುಂಚೆಯೇ ಮುಗಿಸಿ.

6. ಕೊನೆಯ ಹತ್ತು ದಿನ. ಸೆಟ್ ಅರ್ಧ ಮಾಡಿ, ಬಾರ್ ಮೇಲಿನ ಭಾರ ಇಳಿಸಬೇಡಿ. ಮೈ ಜಡವಾಗುತ್ತದೆಂದು ಹೆದರಿ ಕದ್ದು ಜಿಮ್‌ಗೆ ಹೋಗುವವರಿದ್ದಾರೆ. ನೋಟ್‌ಬುಕ್ ತೋರಿಸಿ ಮನೆಗೆ ಕಳಿಸಿ. ಆಯೋಜಕರು ಪಂದ್ಯಾವಳಿಯನ್ನು ಒಂದು ವಾರ ಮುಂದೂಡಿದರೆ ಹೊಸದಾಗಿ ಏನೂ ಶುರು ಮಾಡಬೇಡಿ, ಇದೇ ಅರ್ಧ ಸೆಟ್ಟಿನ ವಾರವನ್ನು ಇನ್ನೊಮ್ಮೆ ಮಾಡಿ.