ರೈಸ್ ಮಿಲ್ ಸೈಟಿನಲ್ಲಿ ಕನ್ನಡ ಕೆಟ್ಟಾಗ

ಗಂಗಾವತಿಯ ಒಂದು ರೈಸ್ ಮಿಲ್ಲಿನ ವೆಬ್‌ಸೈಟ್ ನಾನು ನೋಡಿಕೊಳ್ಳುತ್ತೇನೆ. ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಬೇಕು. ಸುತ್ತಲಿನ ಕ್ಯಾಂಪುಗಳ (ಆಂಧ್ರದಿಂದ ಬಂದು ನೆಲೆಸಿದವರ ಊರುಗಳ) ರೈತರು ದರ ನೋಡುವುದು ತೆಲುಗಿನಲ್ಲೇ. ಸೈಟ್ ಇರುವುದು ಜೂಮ್ಲಾ 3ರಲ್ಲಿ, ಅಂದರೆ ವೆಬ್‌ಸೈಟ್ ನಡೆಸುವ ತಂತ್ರಾಂಶವೊಂದರ ಹಳೇ ಆವೃತ್ತಿಯಲ್ಲಿ. ಅದಕ್ಕೆ 2023ರ ಆಗಸ್ಟ್‌ನಲ್ಲೇ ಅಪ್‌ಡೇಟ್ ನಿಂತಿದೆ.

ಹೋಸ್ಟಿಂಗ್‌ನವರು ಮೈಎಸ್‌ಕ್ಯುಎಲ್ ಡೇಟಾಬೇಸಿನ 5.7 ಆವೃತ್ತಿ ತೆಗೆದು 8 ಹಾಕಿದ ಮೇಲೆ ಮಾಲೀಕರು ಫೋನ್ ಮಾಡಿದರು. "ದರಪಟ್ಟಿ ಏನೇನೋ ಬರಾಕತ್ತೈತಲ್ರೀ, ಸ್ವಲ್ಪ ನೋಡ್ರಿ."

ಇಂಥ ಕಡೆ ಡೇಟಾಬೇಸಿನೊಳಗೇ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕೂತಿದ್ದರೆ ಅಕ್ಷರ ಹೋದಂತೆಯೇ, ಬ್ಯಾಕಪ್ಪೇ ಗತಿ. ಇಲ್ಲಿ ಹಾಗಿರಲಿಲ್ಲ. ತಲೆ ಮೇಲೆ ಗೀಟಿರುವ ಇಂಗ್ಲಿಷ್ 'ಎ', ಪಕ್ಕದಲ್ಲಿ ಪುಟ್ಟ 2 ಅಥವಾ 3, ಮತ್ತೆ ಅದೇ 'ಎ'. ಅಂದರೆ ಕನ್ನಡ ಒಳಗೆ ಹಾಗೇ ಇದೆ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಮೂರು ಬೈಟ್. ಅವನ್ನು ಅಕ್ಷರಕ್ಕೆ ಒಂದೇ ಬೈಟ್ ಇರುವ ಲ್ಯಾಟಿನ್-1 ಅಂತ ಓದಿದರೆ ಹೀಗೆ ಕಾಣುತ್ತದೆ. ತೆಲುಗಾದರೆ 2, 3ರ ಜಾಗದಲ್ಲಿ ಡಿಗ್ರಿ ಸೊನ್ನೆ ಅಥವಾ ಪ್ಲಸ್-ಮೈನಸ್ ಗುರುತು. ಆ ಕಸದಲ್ಲೇ ಯಾವ ಸಾಲು ಯಾವ ಭಾಷೆಯದು ಅಂತ ಗೊತ್ತಾಗುತ್ತದೆ, ಮಜಾ ಅಲ್ವಾ?

ದರಪಟ್ಟಿ ಯಾರೋ ಹಿಂದೆ ಬರೆದುಕೊಟ್ಟ ಸ್ಕ್ರಿಪ್ಟ್. ಟೇಬಲ್ ಲ್ಯಾಟಿನ್-1, ಕನೆಕ್ಷನ್‌ಗೆ ಯಾವ ಕ್ಯಾರೆಕ್ಟರ್ ಸೆಟ್ (ಅಕ್ಷರ ಪದ್ಧತಿ) ಅಂತಲೇ ಹೇಳಿಲ್ಲ. 5.7ರ ಡಿಫಾಲ್ಟ್ ಕೂಡ ಲ್ಯಾಟಿನ್-1, ಹಾಗಾಗಿ ಹಾಕಿದ್ದು ಹಾಗೇ ವಾಪಸ್ ಬರುತ್ತಿತ್ತು. 8ರ ಡಿಫಾಲ್ಟ್ ಯುಟಿಎಫ್-8-ಎಂಬಿ4 (ಮೈಎಸ್‌ಕ್ಯುಎಲ್‌ನ ಪೂರ್ಣ ಯುಟಿಎಫ್-8), ಹಾಗಾಗಿ ಟೇಬಲ್ಲಿನ ಬೈಟ್‌ಗಳನ್ನು ಅದು ಲ್ಯಾಟಿನ್-1 ಅಕ್ಷರ ಅಂತ ತಿಳಿದು ಬದಲಿಸಿ ಕೊಡುತ್ತಿತ್ತು.

ಮೊದಲು ಕನೆಕ್ಷನ್ ಸಾಲಿಗೆ ಲ್ಯಾಟಿನ್-1 ಅಂತ ಸೇರಿಸಿದೆ. ದರ ಸರಿಯಾಗಿ ಕಂಡಿತು, ಮಾಲೀಕರು ಸಮಾಧಾನವಾದರು. ಆಮೇಲೆ ಬ್ಯಾಕಪ್ ತೆಗೆದು, ಕಾಲಮ್ಮುಗಳನ್ನು ಮೊದಲು ಬೈನರಿ (ಯಾವ ಪದ್ಧತಿಯ ಗುರುತೂ ಇಲ್ಲದ ಬರೀ ಬೈಟ್) ಮಾಡಿ, ಅಲ್ಲಿಂದ ಯುಟಿಎಫ್-8-ಎಂಬಿ4ಗೆ ತಂದೆ. ನೇರವಾಗಿ ಕನ್ವರ್ಟ್ ಕೊಟ್ಟರೆ ಆ ಕಸವೇ ಡೇಟಾ ಆಗಿ ಕೂತುಬಿಡುತ್ತದೆ. ಕೊನೆಗೆ ಕನೆಕ್ಷನ್ ಸಾಲನ್ನೂ ಯುಟಿಎಫ್-8-ಎಂಬಿ4ಗೆ ಬದಲಿಸಿದೆ.

ಕನ್ನಡ ಪುಟದಲ್ಲಿ ಬಟನ್‌ಗಳು ಮಾತ್ರ ಇನ್ನೂ ಇಂಗ್ಲಿಷ್‌ನಲ್ಲೇ ಇದ್ದವು. ಅದಕ್ಕೂ ಡೇಟಾಬೇಸ್‌ಗೂ ಸಂಬಂಧವಿಲ್ಲ, ಆ ಪದಗಳು ಬರುವುದು ಅನುವಾದಗಳಿರುವ ಐಎನ್‌ಐ ಫೈಲಿನಿಂದ. ಜೂಮ್ಲಾದಲ್ಲಿ 'ಡಿಬಗ್ ಲ್ಯಾಂಗ್ವೇಜ್' ಆನ್ ಮಾಡಿದರೆ, ಅನುವಾದ ಸಿಕ್ಕ ಪದದ ಆಚೀಚೆ ನಕ್ಷತ್ರ, ಸಿಗದ್ದಕ್ಕೆ ಪ್ರಶ್ನೆ ಚಿಹ್ನೆ ಬರುತ್ತದೆ. ಒಂದೇ ಫೈಲಿನ ಪದಗಳಿಗೆಲ್ಲ ಪ್ರಶ್ನೆ ಚಿಹ್ನೆ! ತೆರೆದು ನೋಡಿದರೆ ಒಂದು ಸಾಲಿನಲ್ಲಿ ಸೋನಾ ಮಸೂರಿಗೆ ಸುಮ್ನೆ ಡಬಲ್ ಕೋಟ್ ಹಾಕಿದ್ದರು, ಅದರಿಂದ ಇಡೀ ಫೈಲೇ ಓದಲಾಗುತ್ತಿರಲಿಲ್ಲ. ಅದನ್ನು ತೆಗೆದೆ, ಅಷ್ಟೇ.

ಇನ್ನು ಜೂಮ್ಲಾ ಏರಿಸಬೇಕು. ಡೇಟಾ ಸರಿಮಾಡದೆ ಮೊದಲೇ ಏರಿಸಿದ್ದರೆ ಯಾವ ತಪ್ಪು ಯಾವುದರಿಂದ ಅಂತ ಹುಡುಕುವುದೇ ಜಾಸ್ತಿ ಕೆಲಸವಾಗುತ್ತಿತ್ತು. ಕಾಪಿ ಸೈಟಿನಲ್ಲಿ ಹೊಸ ಆವೃತ್ತಿ ಹಾಕಿ ನೋಡಿದ್ದೇನೆ. ಆ ದರಪಟ್ಟಿ ಸ್ಕ್ರಿಪ್ಟ್ ಅಲ್ಲಿ ನಡೆಯುತ್ತಿಲ್ಲ. ಈಗ ಅದನ್ನೇ ಹೊಸದಾಗಿ ಬರೆಯುತ್ತಿದ್ದೇನೆ.