ಪರದೆ ಕಪ್ಪು, ಫ್ಯಾನ್ ಮಾತ್ರ ತಿರುಗುತ್ತಲೇ ಇದೆ

ಶಟ್‌ಡೌನ್ ಕೊಟ್ಟರೂ ಆಫ್ ಆಗದ ಕಂಪ್ಯೂಟರ್ ಕೈಗೆ ಬಂದರೆ ನಾನು ಮೊದಲು ನೋಡುವುದು ರೀಸ್ಟಾರ್ಟ್ ಸರಿಯಾಗಿ ಆಗುತ್ತದೆಯೇ ಎಂದು. ರೀಸ್ಟಾರ್ಟ್ ಆಗಿ ಶಟ್‌ಡೌನ್ ಮಾತ್ರ ಕೈಕೊಡುತ್ತಿದ್ದರೆ ಅನುಮಾನ ಫಾಸ್ಟ್ ಸ್ಟಾರ್ಟಪ್ ಮೇಲೆ. ವಿಂಡೋಸ್ 8ರಲ್ಲಿ ಬಂದ ಈ ವ್ಯವಸ್ಥೆ ಸಿಸ್ಟಮ್ಮನ್ನು ಪೂರ್ತಿ ಮುಚ್ಚುವುದಿಲ್ಲ. ನಮ್ಮ ಲಾಗಿನ್ ಮುಚ್ಚಿ, ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ (ಹಾರ್ಡ್‌ವೇರ್ ನಡೆಸುವ ಪ್ರೋಗ್ರಾಮ್‌ಗಳು) ಸ್ಥಿತಿಯನ್ನು ಹಾಗೇ ಸಿ ಡ್ರೈವಿಗೆ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟ್ ಈ ದಾರಿ ಹಿಡಿಯುವುದಿಲ್ಲ. ಒಂದು ಡ್ರೈವರ್ ಮಲಗಲು ಒಪ್ಪದಿದ್ದರೂ ಸಾಕು, ಪರದೆ ಕಪ್ಪಾಗಿ ಫ್ಯಾನ್ ತಿರುಗುತ್ತಾ ಉಳಿಯುತ್ತದೆ.

ಪರೀಕ್ಷೆ ಸುಲಭ. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು ಶಟ್‌ಡೌನ್ ಕ್ಲಿಕ್ ಮಾಡಿದರೆ ಆ ಒಂದು ಸಲ ಪೂರ್ತಿ ಶಟ್‌ಡೌನ್ ಆಗುತ್ತದೆ. ಈಗ ಸರಿಯಾಗಿ ಆಫ್ ಆಯಿತೆಂದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಎಂಬ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯುತ್ತೇನೆ. ಟಿಕ್ ಮಂಕಾಗಿದ್ದರೆ ಮೇಲಿನ ನೀಲಿ ಸಾಲನ್ನು ಮೊದಲು ಒತ್ತಬೇಕು. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘powercfg /h off’ ಕೊಟ್ಟರೂ ಕೆಲಸ ಆಗುತ್ತದೆ, ಕೆಲವು ಜಿಬಿ ಜಾಗವೂ ಉಳಿಯುತ್ತದೆ. ಆದರೆ ತೆರೆದ ಕೆಲಸವನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಆಫ್ ಆಗುವ ಹೈಬರ್ನೇಟ್ ಕೂಡ ಹೋಗಿಬಿಡುತ್ತದೆ. ಲ್ಯಾಪ್‌ಟಾಪ್‌ಗೆ ನಾನು ಇದನ್ನು ಮಾಡುವುದಿಲ್ಲ.

ಟಿಕ್ ತೆಗೆದದ್ದು ರೋಗಕ್ಕೆ ಮದ್ದಲ್ಲ, ತಪ್ಪು ಡ್ರೈವರಿನದ್ದೇ. ಲ್ಯಾಪ್‌ಟಾಪ್‌ಗಳಲ್ಲಿ ನಾನು ಮೊದಲು ನೋಡುವುದು ಡಿವೈಸ್ ಮ್ಯಾನೇಜರ್‌ನ ಸಿಸ್ಟಮ್ ಡಿವೈಸಸ್ ಅಡಿಯಲ್ಲಿರುವ ಇಂಟೆಲ್ ಚಿಪ್‌ನ ಮ್ಯಾನೇಜ್‌ಮೆಂಟ್ ಎಂಜಿನ್ ಇಂಟರ್‌ಫೇಸ್. ವಿಂಡೋಸ್ ಅಪ್‌ಡೇಟ್ ತಂದು ಹಾಕಿದ ಡ್ರೈವರ್ ತೆಗೆದು, ಲ್ಯಾಪ್‌ಟಾಪ್ ತಯಾರಕರು ಅದೇ ಮಾಡೆಲ್‌ಗೆ ಕೊಟ್ಟಿರುವುದನ್ನು ಹಾಕಿ, ಫಾಸ್ಟ್ ಸ್ಟಾರ್ಟಪ್ ಮತ್ತೆ ಆನ್ ಮಾಡಿ ಪರೀಕ್ಷಿಸುತ್ತೇನೆ.

ಶಿಫ್ಟ್ ಹಿಡಿದರೂ ಆಫ್ ಆಗಲಿಲ್ಲವೆಂದರೆ ವಿಂಡೋಸ್ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್ ತೆರೆಯುತ್ತೇನೆ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಯೇ ಇದನ್ನು ಓದಬೇಕು, ಇಲ್ಲದಿದ್ದರೆ ಸರ್ವಿಸ್‌ಗಳು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳು) ನಿಲ್ಲುವುದೇ ಇಲ್ಲ, ಲಾಗ್ ದಾರಿ ತಪ್ಪಿಸುತ್ತದೆ. ಪ್ರತಿ ದಾಖಲೆಗೂ ಒಂದು ಈವೆಂಟ್ ಐಡಿ ಸಂಖ್ಯೆ ಇರುತ್ತದೆ. 1074 ಎಂದರೆ ಶಟ್‌ಡೌನ್ ಆದೇಶ ತಲುಪಿತು. 6006 ಎಂದರೆ ಈವೆಂಟ್ ಲಾಗ್ ಸರ್ವಿಸ್ ಸರಿಯಾಗಿ ನಿಂತಿತು. 1074 ಇದ್ದು 6006 ಇಲ್ಲದೆ, ಮುಂದಿನ ಬೂಟ್‌ನಲ್ಲಿ 6008 (ಹಿಂದಿನ ಶಟ್‌ಡೌನ್ ಅನಿರೀಕ್ಷಿತ) ಬಂದಿದ್ದರೆ ಯಾವುದೋ ಪ್ರೋಗ್ರಾಮ್ ಅಥವಾ ಸರ್ವಿಸ್ ತಡೆದಿದೆ. 6006 ಬಂದ ಮೇಲೂ 41 (ಸರಿಯಾಗಿ ಆಫ್ ಆಗದೆ ಮತ್ತೆ ಬೂಟ್ ಆಯಿತು) ದಾಖಲಾಗಿದ್ದರೆ ಸಿಕ್ಕಿಕೊಂಡಿರುವುದು ಕೊನೆಯ ಘಟ್ಟದಲ್ಲಿ, ಅಂದರೆ ಡ್ರೈವರ್ ಅಥವಾ ಹಾರ್ಡ್‌ವೇರ್.

ಸಣ್ಣ ಕಚೇರಿಗಳಲ್ಲಿ ಸರ್ವಿಸ್ ತಡೆದಿದ್ದರೆ ಪ್ರಿಂಟ್ ಜಾಬ್‌ಗಳನ್ನು ಸಾಲಿನಲ್ಲಿಡುವ ಪ್ರಿಂಟ್ ಸ್ಪೂಲರ್ ಮರೆಯಬೇಡಿ. ಸರ್ವಿಸ್ ನಿಲ್ಲಿಸಿ, ಸಿಸ್ಟಮ್32 ಒಳಗಿನ ಸ್ಪೂಲ್ ಫೋಲ್ಡರ್‌ನಲ್ಲಿ ಪ್ರಿಂಟರ್ಸ್ ಫೋಲ್ಡರನ್ನು ಖಾಲಿ ಮಾಡಿ ಮತ್ತೆ ಶುರು ಮಾಡಿದರೆ ಸಿಕ್ಕಿಬಿದ್ದ ಜಾಬ್ ಹೋಗುತ್ತದೆ. ವಿಂಡೋಸ್ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ, ಸರ್ವಿಸ್ ತಾನೇ ನಿಲ್ಲಲೆಂದು ಕಾಯುವ ಅವಧಿಯನ್ನು 5000 ಮಿಲಿಸೆಕೆಂಡಿನಿಂದ ಇಳಿಸಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಲೆಕ್ಕಪತ್ರದ ಸಾಫ್ಟ್‌ವೇರ್ ಡೇಟಾ ಬರೆಯುತ್ತಿರುವಾಗ ಅದನ್ನು ಕೊಂದರೆ ಹಾಳಾಗುವುದು ಆ ಡೇಟಾ. ಪರದೆ ಕಪ್ಪಾದ ಕೂಡಲೇ ಯುಪಿಎಸ್ ಆಫ್ ಮಾಡುವ ಅಭ್ಯಾಸದಿಂದಲೂ ಇದೇ ಹಾನಿ. ಕ್ಯಾಬಿನೆಟ್‌ನ ಡಿಸ್ಕ್ ದೀಪ ಆರುವವರೆಗೆ ಕಾಯಲೇಬೇಕು.

ಆಫ್ ಆಗುವ ಬದಲು ತಾನೇ ಮತ್ತೆ ಬೂಟ್ ಆಗುತ್ತಿದ್ದರೆ ಸಿಸ್ಟಮ್ ಪ್ರಾಪರ್ಟೀಸ್‌ನ ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ ಆಟೊಮ್ಯಾಟಿಕಲಿ ರೀಸ್ಟಾರ್ಟ್ ಟಿಕ್ ತೆಗೆಯಿರಿ. ಅಡಗಿದ್ದ ನೀಲಿ ಪರದೆ ಆಗ ಕಾಣುತ್ತದೆ. ಅದರಲ್ಲಿ ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್ ಎಂದಿದ್ದರೆ ಮತ್ತೆ ಡ್ರೈವರ್ ಹಾದಿಯೇ. ನೀಲಿ ಪರದೆ ಬಾರದಿದ್ದರೆ ನೆಟ್‌ವರ್ಕ್ ಕಾರ್ಡ್ ಕಂಪ್ಯೂಟರನ್ನು ಎಬ್ಬಿಸಲು ಬಿಡುವ ವೇಕ್ ಆಯ್ಕೆಗಳನ್ನು ಆಫ್ ಮಾಡಿ ನೋಡುತ್ತೇನೆ.

ಇನ್ನು ಡೆಸ್ಕ್‌ಟಾಪ್‌ನಲ್ಲಿ ಕೊನೆಯ ಘಟ್ಟದ ತೊಂದರೆ. ಕೀಬೋರ್ಡ್, ಮೌಸ್ ಬಿಟ್ಟು ಎಲ್ಲ ಯುಎಸ್‌ಬಿ ಕಿತ್ತು, ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಡಿಫಾಲ್ಟ್‌ಗೆ ತಂದು ನೋಡಿದ ಮೇಲೂ ಫ್ಯಾನ್ ನಿಲ್ಲದಿದ್ದರೆ ಮಲ್ಟಿಮೀಟರ್ ತೆಗೆಯುತ್ತೇನೆ. ಡಿಸಿ 20 ವೋಲ್ಟ್ ರೇಂಜ್, ಕಪ್ಪು ಪ್ರೋಬ್ ಮದರ್‌ಬೋರ್ಡಿಗೆ ವಿದ್ಯುತ್ ತರುವ 24 ಪಿನ್ ಕನೆಕ್ಟರ್‌ನ ಕಪ್ಪು ವೈರಿಗೆ, ಕೆಂಪು ಪ್ರೋಬ್ ಹಸಿರು ವೈರಿನ ಹಿಂಬದಿಗೆ. ವೈರ್‌ಗಳೆಲ್ಲ ಕಪ್ಪಾಗಿದ್ದರೆ ಹಸಿರಿನ ಜಾಗ 16ನೇ ಪಿನ್. ಕಂಪ್ಯೂಟರ್ ಓಡುವಾಗ ಅಲ್ಲಿ ಸೊನ್ನೆಯ ಹತ್ತಿರ ಇರುತ್ತದೆ. ಬೋರ್ಡ್ ಎಸ್‌ಎಂಪಿಎಸ್‌ಗೆ, ಅಂದರೆ ವಿದ್ಯುತ್ ಪೂರೈಸುವ ಪೆಟ್ಟಿಗೆಗೆ, ಓಡು ಎನ್ನುವುದು ಹಾಗೆಯೇ. ಶಟ್‌ಡೌನ್ ಆದ ಮೇಲೂ ಸೊನ್ನೆಯಲ್ಲೇ ನಿಂತಿದ್ದರೆ ಬೋರ್ಡ್ ಅದನ್ನು ಬಿಡುತ್ತಿಲ್ಲ. ಬಯಾಸ್ ಅಪ್‌ಡೇಟ್ ಮಾಡಿ, ಅದಕ್ಕೂ ಬಗ್ಗದಿದ್ದರೆ ಬೋರ್ಡ್ ರಿಪೇರಿ. 5 ವೋಲ್ಟ್ ಹತ್ತಿರ ಏರಿಯೂ ಫ್ಯಾನ್ ತಿರುಗುತ್ತಿದ್ದರೆ ಕೆಟ್ಟಿರುವುದು ಎಸ್‌ಎಂಪಿಎಸ್. ಅದನ್ನು ಬಿಚ್ಚಬೇಡಿ, ಒಳಗಿನ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ನಷ್ಟು ಉಳಿದಿರಬಹುದು. ಬೇರೆಯದು ಹಾಕಿ.